ಡೆಡ್ ಸ್ಲೋದಲ್ಲಿ ಯಾರ್ಯಾರಿದ್ದಾರೆ

ಹೇಜಲ್ ಸ್ಟ್ಯಾನಿಫರ್ತ್ ನುಡಿಸಿದ ಹಾಡು ದೇಶದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಆರನೇ ಸ್ಥಾನಕ್ಕೇರಿದ ವಾರವೇ ಅವಳನ್ನು ತಂಡದಿಂದ ತೆಗೆದರು. ತಿಳಿಸಿದ್ದು ಪೋಸ್ಟ್‌ಕಾರ್ಡಿನಲ್ಲಿ. ಒಂದು ಬದಿಗೆ ಲಂಡನ್ನಿನ ಸೇತುವೆ, ಇನ್ನೊಂದು ಬದಿಗೆ ಮೂರು ಸಾಲು, ಕೆಳಗೆ ಮ್ಯಾನೇಜರ್ ಜೂಲಿಯನ್ ಫೇನ್‌ನ ಸಹಿ.

ಕಾರ್ಡು ಶೆಫೀಲ್ಡಿಗೆ ಬಂದದ್ದು ಸೋಮವಾರ. ಅಂಚೆಯವನು ಓದಿದ್ದ, ಪಕ್ಕದ ಮನೆಯ ಮಿಸೆಸ್ ಪ್ಯಾಶ್ಲಿ ಓದಿದ್ದಳು, ಆಮೇಲೆ ಅಮ್ಮ ಮೇವಿಸ್ ಓದಿದಳು. ಎಲ್ಲರದೂ ಆದ ಮೇಲೆ ಹೇಜಲ್ ಕೈಗೆ ಬಂತು. ಡೆಡ್ ಸ್ಲೋ ತಂಡ ಹೊಸ ದಿಕ್ಕಿಗೆ ಹೊರಟಿದೆ, ಅವಳ ಜಾಗಕ್ಕೆ ಕೊರಿನ್ ಎಂಬವಳು ಬಂದಿದ್ದಾಳೆ, ಹೇಜಲ್‌ಳ ಕೊಡುಗೆಯನ್ನು ಯಾರೂ ಮರೆಯುವುದಿಲ್ಲ ಎಂದಿತ್ತು. ಮೇಲುಗಡೆ ಹೆಸರಿನ ಬದಲು 'ಡಾರ್ಲಿಂಗ್' ಎಂದಿತ್ತು. ಜೂಲಿಯನ್ ಎಲ್ಲರನ್ನೂ ಹಾಗೇ ಕರೆಯುವುದು. ಹೆಸರು ನೆನಪಿಟ್ಟುಕೊಳ್ಳುವ ಶ್ರಮ ತಪ್ಪುತ್ತದೆ.

"ತೆಗೆದಿದಾರೆ ಅಂದ್ರೆ ಏನೇ?" ಎಂದಳು ಮೇವಿಸ್.

"ತೆಗೆದಿದಾರೆ ಅಂದ್ರೆ ತೆಗೆದಿದಾರೆ, ಅಮ್ಮ."

"ಈಗ ತಾನೇ ರೇಡಿಯೋದಲ್ಲಿ ಬಂತಲ್ಲ. ನಾನೇ ಕೇಳಿದೆ, ಬಟ್ಟೆ ಹಿಂಡ್ತಾ. ಅದನ್ನ ನುಡಿಸ್ತಿದ್ದೋಳು ಯಾರು ಹಾಗಾದ್ರೆ?"

"ನಾನೇ."

"ಮತ್ತೆ?"

ಹೇಜಲ್ ಬ್ರೆಡ್ಡಿಗೆ ಹಂದಿಕೊಬ್ಬು ಸವರಿಕೊಂಡು ಕೂತಳು, ತಿನ್ನಲಿಲ್ಲ. ಯಾರನ್ನಾದರೂ ಕೆಲಸದಿಂದ ತೆಗೆದರೆ ಅವನ ಯಂತ್ರ ನಿಲ್ಲುತ್ತದೆ. ಅವಳು ಕಂಡದ್ದು ಅಷ್ಟು. ಅಪ್ಪನನ್ನು ಉಕ್ಕಿನ ಕಾರ್ಖಾನೆಯಿಂದ ಕಳಿಸಿದ ದಿನ ಅವನ ಕುಲುಮೆಯೂ ಆರಿತ್ತು. ಇಲ್ಲಿ ಅವಳು ಮನೆಯಲ್ಲಿ ಕೂತಿದ್ದಾಳೆ, ಅವಳ ಕೆಲಸ ಮಾತ್ರ ದೇಶದ ತುಂಬ ಓಡಾಡುತ್ತಿದೆ.

"ಯೂನಿಯನ್ ಏನಂತು?" ಮೇವಿಸ್ ಬಿಡಲಿಲ್ಲ. ಹದಿನಾಲ್ಕನೇ ವಯಸ್ಸಿನಿಂದ ಚಮಚ ಪಾಲಿಶ್ ಮಾಡಿದವಳು. ಮೈಗೆ ಕಂದು ಕಾಗದದ ಏಪ್ರನ್, ತಲೆಗೆ ಕೆಂಪು ಬಟ್ಟೆ, ಚಕ್ರದ ಮುಂದೆ ಮೂವತ್ತು ವರ್ಷ. "ಒಬ್ಬರು ಹೊರಗೆ ಅಂದ್ರೆ ಎಲ್ಲಾರೂ ಹೊರಗೆ. ಕ್ಲೈವ್ ಹೊರಗೆ ಬಂದ್ನಾ?"

"ಅವನ್ಯಾಕೆ ಬರ್ತಾನೆ? ಹಾಡೋದೇ ಅವನು."

"ಮಾಂಸದಂಗಡೀಲಿ ತಕ್ಕಡಿ ಒರೆಸ್ತಿದ್ದ ಹುಡುಗ. ನಮ್ಮನೇ ಚಹಾ ಎಷ್ಟು ಕುಡಿದಿದಾನೆ ಅವನು!"

ಕುಡಿದದ್ದು ನಿಜ. ಮೂರು ವರ್ಷದ ಹಿಂದೆ, ಮುಚ್ಚಿದ ಒಂದು ಚಾಕು ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ಡೆಡ್ ಸ್ಲೋ ಹುಟ್ಟಿದಾಗ ಇದ್ದವರು ಮೂರೇ ಜನ. ಹಾಡಲು ಕ್ಲೈವ್ ಟಾಸ್ಕರ್. ತಂತಿ ಬೆಸೆಯಲು, ಕೆಳಗಿನ ಬಾಸ್ ಸ್ವರ ನುಡಿಸಲು ನೆವಿಲ್ ಬ್ರಾಡ್‌ಬೆಂಟ್. ಮೇಲಿನ ರಾಗಕ್ಕೆ ಹೇಜಲ್. ಹೆಸರು ಸಿಕ್ಕಿದ್ದು ಅಪ್ಪನ ಕಾರ್ಖಾನೆಯ ಗೇಟಿನ ಮೇಲೆ, ಲಾರಿಗಳು ತೀರಾ ನಿಧಾನ ಹೋಗಲೆಂದು ಬರೆದ ಫಲಕದಲ್ಲಿ. ಗಿಟಾರ್ ಬೇಡ, ಡ್ರಮ್ ಬೇಡ, ವೇದಿಕೆಯ ಮೇಲೆ ಬೆವರು ಕಾಣಬಾರದು ಎಂಬುದು ಕ್ಲೈವ್‌ನ ಕಟ್ಟುನಿಟ್ಟು. ಬೆವರು ಸುರಿಸಿದ ಅಪ್ಪಂದಿರಿಗೆ ಏನಾಯಿತೆಂದು ಅವನು ನೋಡಿದ್ದ.

ಪತ್ರಿಕೆಯ ಜಾಹೀರಾತು ನೋಡಿ ತರಿಸಿದ ಬಿಡಿಭಾಗಗಳನ್ನು ಜೋಡಿಸಿ ನೆವಿಲ್ ಒಂದು ಸಿಂಥ್, ಎಂದರೆ ಎಲೆಕ್ಟ್ರಾನಿಕ್ ಕೀಬೋರ್ಡ್, ಕಟ್ಟಿದ್ದ. ಅದಕ್ಕೊಂದು ರೋಗವಿತ್ತು. ಬಿಸಿಯಾದ ಹಾಗೆಲ್ಲ ಶ್ರುತಿ ಜಾರುತ್ತಿತ್ತು. ಬಲಗೈಯಲ್ಲಿ ನುಡಿಸುತ್ತ ಎಡಗೈಯಲ್ಲಿ ತಿರುಗಣೆಯನ್ನು ಕೂದಲೆಳೆಯಷ್ಟು ಮೇಲೆತ್ತುತ್ತಲೇ ಇರಬೇಕು. ಎಷ್ಟು ಎತ್ತಬೇಕೆಂದು ಯಾವ ಪುಸ್ತಕದಲ್ಲೂ ಇಲ್ಲ. ಅಮ್ಮನ ಪಕ್ಕದ ಚಕ್ರದಲ್ಲಿ ಎರಡು ವರ್ಷ ಚಮಚ ಉಜ್ಜಿದ ಹೇಜಲ್‌ಗೆ, ಲೋಹ ಇನ್ನೇನು ಸುಡುತ್ತದೆ ಅನ್ನುವುದು ಬೆರಳಿಗೇ ಗೊತ್ತಾಗುತ್ತಿತ್ತು. ಇದೂ ಹಾಗೇ ಗೊತ್ತಾಯಿತು. ಸ್ವರ ಬೀಳಲು ಹೊರಟು, ಬೀಳದೆ ನಿಲ್ಲುವ ಆ ನಡುಕವೇ ಮುಂದೆ ಡೆಡ್ ಸ್ಲೋದ ಗುರುತಾಯಿತು. ಪತ್ರಿಕೆಯವರು ಅದಕ್ಕೆ 'ಯಂತ್ರದ ಅಳು' ಎಂದರು. ಅಳುತ್ತಿದ್ದದ್ದು ಯಂತ್ರವಲ್ಲ ಎಂದು ಯಾರೂ ಬರೆಯಲಿಲ್ಲ.

ಆಮೇಲೆ ವಾಲ್ಟರ್ ಬಂದ. ವಾಲ್ಟರ್ ಎಂದರೆ ಮುಚ್ಚಿಹೋದ ಶಾಲೆಯೊಂದರ ಹರಾಜಿನಲ್ಲಿ ಕೊಂಡ ದೊಡ್ಡ ಟೇಪ್ ಯಂತ್ರ. ಅಭ್ಯಾಸಕ್ಕೆ ಅನುಕೂಲವಾಗಲಿ ಎಂದು ನೆವಿಲ್ ತನ್ನ ಸ್ವರಗಳನ್ನೆಲ್ಲ ತಾನೇ ಅದರೊಳಗೆ ತುಂಬಿಸಿದ. ವೇದಿಕೆಯ ಮೇಲೆ ಅದಕ್ಕೊಂದು ಕುರ್ಚಿ, ಮೇಲೊಂದು ಟೋಪಿ. "ಇವನು ನಮ್ಮ ವಾಲ್ಟರ್," ಎಂದು ಕ್ಲೈವ್ ಜನಕ್ಕೆ ಪರಿಚಯ ಮಾಡಿಸುತ್ತಿದ್ದ. ಜನ ಶಿಳ್ಳೆ ಹೊಡೆಯುತ್ತಿದ್ದರು. ಆ ಚಳಿಗಾಲದಲ್ಲಿ ಲೀಡ್ಸ್‌ಗೆ ಹೊರಟಾಗ ವ್ಯಾನಿನಲ್ಲಿ ಒಬ್ಬರಿಗೆ ಜಾಗ ಸಾಲಲಿಲ್ಲ. ನೆವಿಲ್ಲೋ, ವಾಲ್ಟರೋ? "ವಾಲ್ಟರ್ ಚಹಾ ಕುಡಿಯಲ್ಲ ಕಣ್ರೋ," ಎಂದ ಕ್ಲೈವ್. ಎಲ್ಲರೂ ನಕ್ಕರು. ಹೇಜಲ್ ನಕ್ಕಳು. ನೆವಿಲ್ ಕೂಡ ನಕ್ಕು, ತನ್ನ ಸ್ಟೂಲು ಹೊತ್ತುಕೊಂಡು ಮನೆಗೆ ನಡೆದ. ಮುಂದಿನ ವಾರವೂ ವ್ಯಾನಿನಲ್ಲಿ ಜಾಗವಿರಲಿಲ್ಲ. ಅದರ ಮುಂದಿನ ವಾರ ಯಾರೂ ಕೇಳಲೂ ಇಲ್ಲ.

ಹೆಸರು ಹಬ್ಬಿದ ಹಾಗೆ ಜನ ಬಂದರು, ಹೋದರು. ಎಲೆಕ್ಟ್ರಿಕ್ ಡ್ರಮ್ ಬಡಿಯುವವನೊಬ್ಬ ಆರು ವಾರ ಇದ್ದ. ಸ್ಯಾಕ್ಸೊಫೋನಿನವನೊಬ್ಬ ವಾದ್ಯವನ್ನು ಪೆಟ್ಟಿಗೆಯಿಂದ ತೆಗೆಯುವ ಮೊದಲೇ ವಾಪಸಾದ. ಲಂಡನ್ನಿನಿಂದ ಜೂಲಿಯನ್ ಬಂದ. ಊರಿನ ಕುಲುಮೆಗಳನ್ನು ಒಂದೊಂದಾಗಿ ಆರಿಸುತ್ತಿದ್ದ ಕಾಲ ಅದು. ಆರಿದ ಕುಲುಮೆಯ ಮುಂದೆ ತಂಡವನ್ನು ನಿಲ್ಲಿಸಿ ಅವನು ಫೋಟೊ ತೆಗೆಸಿದ. 'ಉಕ್ಕಿನ ಮಕ್ಕಳು' ಎಂದು ಪೋಸ್ಟರ್ ಅಂಟಿಸಿದ. ಉಕ್ಕಿನ ನಿಜವಾದ ಮಕ್ಕಳು ಆಗ ನಿರುದ್ಯೋಗ ಭತ್ಯೆಯ ಸಾಲಿನಲ್ಲಿದ್ದರು. ಫೋಟೊ ನೋಡಿ ಜೂಲಿಯನ್ ಹೇಜಲ್‌ಗೆ ಒಮ್ಮೆ ಹೇಳಿದ್ದ: "ಡಾರ್ಲಿಂಗ್, ನಿನ್ನ ಮುಖ ಇನ್ನೂ ಕಾರ್ಖಾನೆಯಲ್ಲೇ ಇದೆ." ಅದು ಹೊಗಳಿಕೆಯೋ ಬೈಗುಳವೋ ಅವಳಿಗೆ ಬಗೆಹರಿದಿರಲಿಲ್ಲ. ಪೋಸ್ಟ್‌ಕಾರ್ಡು ಬಂದ ಮೇಲೂ ಪೂರ್ತಿ ಬಗೆಹರಿಯಲಿಲ್ಲ.

ಮಂಗಳವಾರ ಮಧ್ಯಾಹ್ನ ಅವಳು ಬಸ್ ಡಿಪೋಗೆ ಹೋದಳು. ನೆವಿಲ್ ಈಗ ಅಲ್ಲಿ ಟಿಕೆಟ್ ಯಂತ್ರ ರಿಪೇರಿ ಮಾಡುತ್ತಿದ್ದ.

"ಓಹೋ! ಆರನೇ ನಂಬರಿನೋರು ಬಸ್ ಹತ್ತೋಕೆ ಬಂದ್ರಾ?" ಎಂದ, ತಲೆಯೆತ್ತದೆ.

"ನನ್ನ ತೆಗೆದ್ರು, ನೆವ್."

ಅವನು ಸ್ಯಾಂಡ್‌ವಿಚ್ ಕಚ್ಚಿ, ಅಗಿದು, ನುಂಗಿದ. "ಯಾಕೆ, ವ್ಯಾನಲ್ಲಿ ಜಾಗ ಇರ್ಲಿಲ್ವಾ?"

ಹೇಜಲ್ ತಲೆ ತಗ್ಗಿಸಿದಳು. "ಅವತ್ತು ನಗಬೇಕು ಅಂತ ನಗಲಿಲ್ಲ ನಾನು."

"ನಕ್ಕಿದ್ದಂತೂ ಹೌದಲ್ಲ. ಬಿಡು, ನಾನೂ ನಕ್ಕಿದ್ದೆ. ನಗದೆ ಇನ್ನೇನು ಮಾಡೋದು ಅಂತ ಗೊತ್ತಾಗ್ಲಿಲ್ಲ."

"ನೆವ್, ಒಂದು ಮಾತು ಕೇಳ್ತೀನಿ. ನೀನೀಗ ತಂಡದಲ್ಲಿದೀಯಾ, ಇಲ್ವಾ?"

"ಇದೆಂಥ ಪ್ರಶ್ನೆ ಕಣೇ? ಹೋದ ಶನಿವಾರ ಗ್ಲಾಸ್ಗೋದಲ್ಲಿ ಎರಡು ಸಾವಿರ ಜನರ ಮುಂದೆ ಬಾಸ್ ನುಡಿಸಿದೆ. ಅದೇ ಹೊತ್ತಿಗೆ ಇಲ್ಲಿ ಐವತ್ತೆರಡನೇ ನಂಬರ್ ಬಸ್ಸಿನ ಟಿಕೆಟ್ ಮಿಷನ್ ಬಿಚ್ಕೊಂಡು ಕೂತಿದ್ದೆ. ಎರಡೂ ನಾನೇ. ಸಂಬಳ ಮಾತ್ರ ಒಂದು ಕಡೆಯಿಂದ."

"ನನ್ನ ಕಥೆನೂ ಈಗ ಹಾಗೇನಾ?"

"ನಿಂದು ಹಾಗಲ್ಲ. ನನ್ನ ಸ್ವರ ಟೇಪಿಗೆ ಬಿತ್ತು, ನಾನು ಬೇಡವಾದೆ. ಆ ಡಬ್ಬದ ಶ್ರುತಿ ಹಿಡಿಯೋ ಕೈ ನಿಂದೊಂದೇ. ಕೂತ್ಕೊಂಡು ಹೊಸದಾಗಿ ನುಡಿಸಿ ಅಂತ ಯಾರಾದ್ರೂ ಅಂದ್ರೆ ಸಾಕು, ಅವರ ಬಣ್ಣ ಬಯಲು. ನೋಡ್ತಿರು, ಕರೀತಾರೆ."

"ಕರೆದ್ರೆ ಏನು ಮಾಡ್ಲಿ?"

ನೆವಿಲ್ ಮೊದಲ ಸಲ ಅವಳ ಮುಖ ನೋಡಿದ. "ಅದನ್ನ ನನ್ನ ಕೇಳ್ತೀಯಲ್ಲೇ? ನನ್ನ ಯಾರೂ ಕರೀಲಿಲ್ಲ."

ಸಂಜೆ ಐದಕ್ಕೆ ಮಿಸೆಸ್ ಪ್ಯಾಶ್ಲಿ ಗೋಡೆ ಕುಟ್ಟಿ ಕರೆದಳು. ಆ ಸಾಲಿನಲ್ಲಿ ಫೋನ್ ಇದ್ದದ್ದು ಅವಳ ಮನೆಯಲ್ಲಿ. ಹೇಜಲ್ ಕೈಗೆ ಫೋನ್ ಕೊಟ್ಟು ಅವಳು ಅಲ್ಲೇ ನಿಂತಳು. ತನ್ನ ಮನೆ, ತನ್ನ ಕಿವಿ.

"ಹೇಜ್, ನಾನು ಕಣೇ, ಕ್ಲೈವ್."

"ಕಾರ್ಡ್ ಬಂತು."

"ಯಾವ ಕಾರ್ಡು? ಓ, ಅದಾ. ಅದು ಜೂಲಿಯನ್ ಕಳಿಸಿದ್ದು."

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಅಂದ್ರೆ... ಮಾತು ಬಂದಿತ್ತು. ಅದಿರ್ಲಿ. ಟೀವಿಯೋರು ಕರೆದಿದಾರೆ ಕಣೇ! ಗುರುವಾರದ ಕಾರ್ಯಕ್ರಮ! ನಾಳೆ ಮೊದಲ್ನೇ ರೈಲಿಗೆ ಲಂಡನ್‌ಗೆ ಬಾ."

"ನಾನು ತಂಡದಲ್ಲಿದೀನಾ?"

"ನೀನಿಲ್ದೆ ಆಗಲ್ಲ ಕಣೇ."

"ನಾನು ಅದನ್ನ ಕೇಳ್ಲಿಲ್ಲ."

"ಬಾ ಮಾರಾಯ್ತಿ, ಬಂದ್ಮೇಲೆ ಎಲ್ಲಾ ಮಾತಾಡೋಣ," ಎನ್ನುವಷ್ಟರಲ್ಲಿ ಅವನ ನಾಣ್ಯ ಮುಗಿದು ಫೋನ್ ಕಟ್ಟಾಯಿತು.

"ಏನಂತೆ? ಇಟ್ಕೊಂಡ್ರಾ, ಬಿಟ್ರಾ?" ಎಂದಳು ಮಿಸೆಸ್ ಪ್ಯಾಶ್ಲಿ.

"ಗೊತ್ತಾಗ್ಲಿಲ್ಲ."

"ಗಂಡಸರು ಫೋನಲ್ಲಿ ಹಾಗೇನೇ, ಪುಟ್ಟಿ. ನನ್ನ ಯಜಮಾನ ಬಂದೆ ಅಂದವನು ಕೆನಡಾದಲ್ಲಿದಾನೆ."

ಮೇವಿಸ್ ಮಗಳ ಅಂಗಿಗೆ ಇಸ್ತ್ರಿ ಹಾಕುತ್ತ, "ಮಾನ ಇದ್ರೆ ಹೋಗಬೇಡ," ಎಂದಳು. ಅಂಗಿ ಮಡಿಸಿ ಕೈಗೆ ಕೊಡುತ್ತ, "ರೈಲು ಆರೂಕಾಲಿಗೆ, ತಪ್ಪಿಸ್ಕೋಬೇಡ," ಎಂದಳು. ಎರಡರಲ್ಲಿ ಯಾವುದನ್ನು ಕೇಳಬೇಕೆಂದು ತಿಳಿಯದೆ ಹೇಜಲ್ ಬುಧವಾರ ಬೆಳಿಗ್ಗೆ ರೈಲು ಹತ್ತಿದಳು.

ಲಂಡನ್ನಿನ ಸ್ಟುಡಿಯೋದ ಬಾಗಿಲು ತಳ್ಳಿ ಒಳಗೆ ಹೋದವಳು ಅಲ್ಲೇ ನಿಂತಳು. ಸಿಂಥ್ ಮುಂದೆ ಅಮ್ಮ ನಿಂತಿದ್ದಳು. ಅದೇ ಕಂದು ಕಾಗದದ ಏಪ್ರನ್, ತಲೆಗೆ ಅದೇ ಕೆಂಪು ಬಟ್ಟೆ. ಅಮ್ಮ ಇಲ್ಲಿಗೇಕೆ ಬಂದಳು, ತನಗಿಂತ ಮೊದಲು ಹೇಗೆ ಬಂದಳು ಎಂದುಕೊಳ್ಳುವಷ್ಟರಲ್ಲಿ ಆಕೃತಿ ತಿರುಗಿತು. ಇಪ್ಪತ್ತರ ಚೆಲುವೆ, ಕೆನ್ನೆಗೆ ಮಸಿಯನ್ನು ಕುಂಚದಲ್ಲಿ ಹದವಾಗಿ ಬಳಿದಿದ್ದರು.

"ನೀನು ಹೇಜಲ್ ಅಲ್ವಾ? ನಾನು ಕೊರಿನ್ ವೇಡ್," ಎಂದಳು ಆಕೆ, ಅಳುವ ದನಿಯಲ್ಲಿ. "ನೀನೇ ಬಿಟ್ಟು ಹೋದೆ ಅಂತ ನನಗೆ ಹೇಳಿದ್ರು. ಮದುವೆ ಅಂತೆ?"

"ಯಾರದು?"

"ನಿಂದು."

"ನನಗೇ ಗೊತ್ತಿಲ್ಲ."

"ಅಯ್ಯೋ. ಸರಿ, ಇದೊಂದು ತೋರಿಸ್ಕೊಡು. ನಾನು ಸ್ವರ ಎಲ್ಲಾ ಸರಿಯಾಗೇ ಒತ್ತುತೀನಿ, ಆದ್ರೂ ಇದು ಕೆಳಗೆ ಕೆಳಗೆ ಹೋಗುತ್ತೆ. ನನ್ನ ತಪ್ಪಾ ಇದರ ತಪ್ಪಾ?"

ಕೊರಿನ್ ನುಡಿಸಿದಳು. ಎರಡನೇ ಚರಣಕ್ಕೆ ರಾಗ ಹಾದಿ ತಪ್ಪಿದ ಕುರಿಯಂತಾಯಿತು. ಅವಳ ಮೇಲೆ ಸಿಟ್ಟು ಬರಬೇಕಿತ್ತು. ಹೇಜಲ್‌ಗೆ ಬಂದದ್ದು ಮರುಕ. ಇದೂ ಗೊಂದಲವೇ. ಅಮ್ಮನ ಬಟ್ಟೆ ತೊಟ್ಟು ನಿಂತವಳನ್ನು ಬೈಯುವುದು ಹೇಗೆ?

ಜೂಲಿಯನ್ ಕೊರಿನ್‌ಳನ್ನು ಮೇಕಪ್ ಕೋಣೆಗೆ ಅಟ್ಟಿ, ಹೇಜಲ್‌ಳನ್ನು ಮೂಲೆಗೆ ಕರೆದ. ಪಕ್ಕದಲ್ಲಿ ಕ್ಲೈವ್, ಕಣ್ಣಿಗೆ ಕಾಡಿಗೆ, ನೋಟ ನೆಲದ ಮೇಲೆ. ವಿಷಯ ಇಷ್ಟು. ಗುರುವಾರದ ಕಾರ್ಯಕ್ರಮದಲ್ಲಿ ಎಲ್ಲರೂ ಬರೀ ಬಾಯಾಡಿಸುವುದು, ಬೆರಳಾಡಿಸುವುದು. ಆದರೆ ಹಾಡನ್ನು ಹಿಂದಿನ ದಿನ, ವಾದ್ಯಗಾರರ ಸಂಘದ, ಅಂದರೆ ಯೂನಿಯನ್ನಿನವನ, ಕಣ್ಣೆದುರಿಗೆ, ಮೂರು ಗಂಟೆಗಳ ಅವಧಿಯಲ್ಲಿ ಹೊಸದಾಗಿ ನುಡಿಸಿ ಕೊಡಬೇಕು. ನುಡಿಸಿದವರೇ ಟೀವಿಯಲ್ಲಿ ನಿಲ್ಲಬೇಕು. ಸಾಮಾನ್ಯವಾಗಿ ಸಂಘದವನನ್ನು ಪಬ್ಬಿಗೆ ಕರೆದುಕೊಂಡು ಹೋಗಿ, ಅವನು ಎರಡನೇ ಗ್ಲಾಸಿನಲ್ಲಿರುವಾಗ ಹಳೇ ಟೇಪನ್ನೇ ಹೊಸ ಡಬ್ಬಿಗೆ ಹಾಕಿಬಿಡುವುದು ಎಲ್ಲ ತಂಡಗಳ ಪದ್ಧತಿ.

"ಈ ಸಲ ಬಂದಿರೋ ಮುದುಕ ಕುಡಿಯೋದೇ ಇಲ್ಲ," ಎಂದ ಜೂಲಿಯನ್. "ಚರ್ಚಿನ ಪೈಕಿ. ಫ್ಲಾಸ್ಕಿನಲ್ಲಿ ಚಹಾ ತಂದಿದಾನೆ. ಆದ್ರಿಂದ ಡಾರ್ಲಿಂಗ್, ಮೂರು ಗಂಟೆ ನೀನು ಕೊರಿನ್. ನಾಳೆ ಕ್ಯಾಮೆರಾ ಮುಂದೆ ಕೊರಿನ್ನೇ ಕೊರಿನ್."

"ಮತ್ತೆ ನಾನು?"

"ನೀನು ಮನೇಲಿ ಕೂತು ಟೀವಿ ನೋಡು!" ಎಂದ, ಉಡುಗೊರೆ ಕೊಟ್ಟವನ ಹಾಗೆ.

ಅಷ್ಟರಲ್ಲಿ ಸಂಘದವನು ಒಳಗೆ ಬಂದ. ಮಿಸ್ಟರ್ ಟ್ರಾಂಟರ್, ಅರವತ್ತರ ಹತ್ತಿರ. ಒಂದು ಕಾಲದಲ್ಲಿ ಡಾನ್ಸ್ ಹಾಲ್‌ಗಳಲ್ಲಿ ಟ್ರಾಂಬೋನ್ ಊದುತ್ತಿದ್ದವನು. ಆ ಹಾಲ್‌ಗಳಿಗೆ ರೆಕಾರ್ಡು ಹಾಕುವ ಹುಡುಗರು ಬಂದ ಮೇಲೆ ಇವನ ಕೈಗೆ ಸಂಘದ ಫಾರಂ ಬಂದಿತ್ತು.

"ಹಾಡೋರು?"

"ನಾನು, ಕ್ಲೈವ್ ಟಾಸ್ಕರ್."

"ರಾಗ?"

"ಕೊರಿನ್ ವೇಡ್," ಎಂದ ಜೂಲಿಯನ್, ಹೇಜಲ್‌ಳ ಭುಜದ ಮೇಲೆ ಕೈಯಿಟ್ಟು.

"ಬಾಸ್?"

"ವಾಲ್ಟರ್," ಎಂದುಬಿಟ್ಟ ಕ್ಲೈವ್, ಅಭ್ಯಾಸಬಲದಿಂದ.

"ಎಲ್ಲಿ ಅವನು?"

ಎಲ್ಲರೂ ಟೋಪಿ ಹಾಕಿಕೊಂಡ ಟೇಪ್ ಯಂತ್ರದ ಕಡೆ ನೋಡಿದರು. ಟ್ರಾಂಟರ್ ಕನ್ನಡಕ ಸರಿಮಾಡಿಕೊಂಡ.

"ಸಂಘಕ್ಕೆ ಚಂದಾ ಕಟ್ತಾನೇನಪ್ಪ ಇವನು?"

ಯಾರೂ ನಗಲಿಲ್ಲ.

"ಇದರೊಳಗೆ ನುಡಿಸಿರೋದು ಯಾರ ಕೈ, ಅದನ್ನ ಹೇಳಿ."

"ನೆವಿಲ್ ಬ್ರಾಡ್‌ಬೆಂಟ್," ಎಂದಳು ಹೇಜಲ್. ತನ್ನ ಬಾಯಿಂದಲೇ ಬಂತೆಂದು ಅವಳಿಗೆ ತಿಳಿದದ್ದು ಕ್ಲೈವ್ ಕೆಕ್ಕರಿಸಿದಾಗ.

"ಅವರು ಇಲ್ಲಿಲ್ಲ," ಎಂದ ಟ್ರಾಂಟರ್. "ಹಾಗಾದ್ರೆ ಈ ವಾಲ್ಟರ್ ಬಾಯಿ ಮುಚ್ಕೊಂಡಿರ್ಲಿ. ಬಾಸ್ ನೀನೇ ನುಡಿಸಪ್ಪ, ಹಾಡು ಆಮೇಲೆ ಹಾಡು. ಒಂದು ಸಲ ಸುಮ್ನೆ ಕೇಳಿಸಿ, ನೋಡೋಣ."

ಕೇಳಿಸಿದರು. ಹೇಜಲ್ ಕೂತಳು, ಎಡಗೈ ತಿರುಗಣೆಯ ಮೇಲಿಟ್ಟಳು. ಯಂತ್ರ ಬೆಚ್ಚಗಾಯಿತು, ಸ್ವರ ಜಾರಿತು, ಅವಳು ಎತ್ತಿದಳು, ಜಾರಿತು, ಎತ್ತಿದಳು. ನಾಲ್ಕು ನಿಮಿಷ ಅವಳಿಗೆ ಯಾವ ಅನುಮಾನವೂ ಇರಲಿಲ್ಲ. ಎದುರಿಗೆ ಕ್ಲೈವ್ ಹಳೇ ಕ್ಲೈವ್‌ನ ಹಾಗೆ ತಲೆದೂಗುತ್ತಿದ್ದ. ಹೀಗೇ ಇದ್ದುಬಿಡಬಹುದಲ್ಲ, ಹೆಸರು ಏನಾದರೇನು ಎಂದುಕೊಂಡಳು.

ಹಾಡು ನಿಂತಿತು. ಟ್ರಾಂಟರ್ ಫಾರಂ ಮುಂದೆ ಚಾಚಿದ. "ಚೆನ್ನಾಗಿ ನುಡಿಸ್ತೀಯಮ್ಮ ಕೊರಿನ್. ಇಲ್ಲಿ ಸಹಿ ಹಾಕು, ರೆಕಾರ್ಡ್ ಶುರು ಮಾಡೋಣ."

ಫಾರಂನಲ್ಲಿ ಮೂರು ಕಾಲಂ. ಹೆಸರು, ವಾದ್ಯ, ಸಹಿ. ಹೇಜಲ್ ಪೆನ್ನು ಹಿಡಿದಳು. ಕೊ ಎಂದು ಹೇಗೆ ಬರೆಯಬೇಕು? ಕೊರಿನ್ ತನ್ನ ಸಹಿಯನ್ನು ಹೇಗೆ ಹಾಕುತ್ತಾಳೋ?

"ನಾನು ಕೊರಿನ್ ಅಲ್ಲ," ಎಂದಳು.

"ತಮಾಷೆ ಮಾಡ್ತಾಳೆ," ಎಂದ ಜೂಲಿಯನ್.

ಟ್ರಾಂಟರ್ ಅವಳನ್ನು ನೋಡಿದ, ಜೂಲಿಯನ್‌ನನ್ನು ನೋಡಿದ, ಗೋಡೆಯ ಗಡಿಯಾರ ನೋಡಿದ. ಅವನಿಗೆ ಅರ್ಥವಾಗಿತ್ತು. ಜಗಳಕ್ಕೆ ಬೇಕಾದಷ್ಟು ವಯಸ್ಸು ಅವನಲ್ಲಿ ಉಳಿದಿರಲಿಲ್ಲ.

"ಮೂವತ್ತು ವರ್ಷ ಟ್ರಾಂಬೋನ್ ಪಕ್ಕ ಕೂತ ಕಿವಿ ಇದು, ಮಂದ," ಎಂದ. "ಈಗ ನೀನಂದಿದ್ದು ನನಗೆ ಕೇಳಿಸ್ಲಿಲ್ಲ. ಚಹಾದ ಕಪ್ಪು ತೊಳ್ಕೊಂಡು ಬರ್ತೀನಿ. ಬರೋಷ್ಟರಲ್ಲಿ ಸಹಿ ಹಾಕಿರಮ್ಮ, ನಿನಗೂ ಒಳ್ಳೇದು, ನನಗೂ ಒಳ್ಳೇದು." ಫ್ಲಾಸ್ಕ್ ಎತ್ತಿಕೊಂಡು ಹೊರಟುಹೋದ.

ಸಂಘವೂ ಇಷ್ಟೇನಾ? ಯಾರ ಹೆಸರು ಹೇಳಿಕೊಂಡು ಅಮ್ಮ ಧೈರ್ಯ ತೆಗೆದುಕೊಳ್ಳುತ್ತಿದ್ದಳೋ ಆ ಬಾಗಿಲೇ ಮೆತ್ತಗೆ ಮುಚ್ಚಿಕೊಂಡಿತ್ತು.

ಜೂಲಿಯನ್ ದನಿ ತಗ್ಗಿಸಿದ. "ಸಹಿ ಹಾಕು. ಮುಂದಿನ ರೆಕಾರ್ಡಿನ ಹಿಂದುಗಡೆ, ಕೃತಜ್ಞತೆ ಅಂತಿರುತ್ತಲ್ಲ, ಅಲ್ಲಿ ನಿನ್ನ ಹೆಸರು ಹಾಕಿಸ್ತೀನಿ."

"ನನ್ನ ಹೆಸರೇನು?" ಎಂದಳು ಹೇಜಲ್.

ಅವನು ಬಾಯಿ ತೆರೆದ. ಕ್ಲೈವ್ ಕಡೆ ನೋಡಿದ.

"ಹೇಜಲ್," ಎಂದ ಕ್ಲೈವ್ ಮೆಲ್ಲಗೆ. ಆಮೇಲೆ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. "ಮೂರೇ ಗಂಟೆ ಕಣೇ ಹೇಜ್. ಊರಿನ ಮುಖ ನೆನೆಸ್ಕೋ. ಎಲ್ಲಾ ಮುಚ್ಚಿಹೋಗಿರೋ ಊರಿಂದ ಒಂದು ಹಾಡು ಟೀವಿಗೆ ಬರ್ತಿದೆ. ನಿಮ್ಮಪ್ಪ ನೋಡ್ತಾರೆ, ನಿಮ್ಮಮ್ಮ ನೋಡ್ತಾಳೆ."

"ಯಾರನ್ನ ನೋಡ್ತಾಳೆ, ಕ್ಲೈವ್?"

ಬಾಗಿಲು ಕಿರುಗುಟ್ಟಿತು, ಟ್ರಾಂಟರ್ ಒದ್ದೆ ಕಪ್ಪನ್ನು ಕರವಸ್ತ್ರದಲ್ಲಿ ಒರೆಸುತ್ತ ಬಂದ. "ಆಯ್ತಾ?"

ಹೇಜಲ್ ಫಾರಂ ಅವನ ಕಡೆಗೆ ತಳ್ಳಿದಳು. ಸಹಿಯ ಜಾಗ ಖಾಲಿಯಿತ್ತು.

"ಸಹಿ ಆಮೇಲೆ ಹಾಕ್ತಾಳೆ," ಎಂದ ಜೂಲಿಯನ್. ಅವಳ ಕಡೆ ತಿರುಗಿ, "ಮೊದಲು ನುಡಿಸು," ಎಂದ. ಈ ಸಲ ಡಾರ್ಲಿಂಗ್ ಇರಲಿಲ್ಲ.

"ನುಡಿಸೋದಿಲ್ಲ."

"ನಿನಗೆ ಬೇಕಾಗಿರೋದಾದ್ರೂ ಏನೇ?" ಕ್ಲೈವ್‌ನ ಕಾಡಿಗೆ ಕೆನ್ನೆಗಿಳಿದಿತ್ತು. "ವಾಪಸ್ ತಗೋಬೇಕಾ? ನಾಳೆ ನೀನೇ ನಿಲ್ಬೇಕಾ? ಕೊರಿನ್ ಹೋಗ್ಬೇಕಾ? ನೆವಿಲ್ ಬರ್ಬೇಕಾ? ಏನು, ಹೇಳು!"

ಹೇಜಲ್ ನಿಜವಾಗಿಯೂ ಯೋಚಿಸಿದಳು. ಒಂದೊಂದನ್ನೂ ಎತ್ತಿ ನೋಡಿದಳು. ಇವರ ತಂಡದಲ್ಲಿ ಇರಬೇಕೋ ಬೇಡವೋ, ಅದೂ ತೋಚಲಿಲ್ಲ. ಎದ್ದು ನಿಂತು ಕೋಟು ಹಾಕಿಕೊಂಡಳು.

"ಗೊತ್ತಿಲ್ಲ ಕ್ಲೈವ್," ಎಂದಳು. "ದೇವರಾಣೆ ಗೊತ್ತಿಲ್ಲ. ಆದ್ರೆ ನುಡಿಸಲ್ಲ."